ಮತ್ತೆ ಹೇಗೆ ಬಂದ್ಯೋ ಮಾರಾಯ

ಬಹಳ ದಿನದಿಂದ ಒಂದು ಮಾತು ನನ್ನನ್ನು ಬಿಡುತ್ತಿಲ್ಲ. ಅದನ್ನು ಕೇಳಿದ್ದು ಶರಾವತಿ ಹಿನ್ನೀರು ದಾಟಿಸುವ ಹೊಳೆಬಾಗಿಲಿನ ಲಾಂಚಿನಲ್ಲಿ, 2024ರ ಡಿಸೆಂಬರಿನಲ್ಲಿ. ಸೇತುವೆ ಇನ್ನೇನು ಮುಗಿಯುತ್ತದೆ, ಆಮೇಲೆ ಲಾಂಚಿನಲ್ಲಿ ದಾಟುವ ಕಾಲ ಹೋಗಿಬಿಡುತ್ತದೆ ಅಂತ ತಂಗಿಯನ್ನು ಕರೆದುಕೊಂಡು ಶಿವಮೊಗ್ಗದಿಂದ ಸಿಗಂದೂರಿಗೆ ಹೊರಟಿದ್ದೆ. ಕಂಬಿ ಹಿಡಿದು ಹಿನ್ನೀರು ನೋಡುತ್ತಾ ನಿಂತಿದ್ದಾಗ ಸೊಂಟದ ಮೇಲೆ ಮಗು ಕೂರಿಸಿಕೊಂಡ ಒಬ್ಬಳು ಹತ್ತಿರ ಬಂದು, ‘ಮೇಡಂ, ಗುರುತು ಸಿಕ್ತಾ?’ ಅಂದಳು. ಸಾಗರದ ಒಂದು ಕಾಲೇಜಿನಲ್ಲಿ ನಾನು ಅರ್ಥಶಾಸ್ತ್ರ ಪಾಠ ಮಾಡುತ್ತಿದ್ದ ಕಾಲದ ಹುಡುಗಿ. ಹಿನ್ನೀರಿನ ಆಚೆ ದಡದ ತುಮರಿ ಕಡೆಯವಳು. ಯಾರು ಎಲ್ಲಿದ್ದಾರೆ, ಯಾರಿಗೆ ಮದುವೆ ಆಯಿತು ಅಂತ ಮಾತಾಡುತ್ತಾ ಅವಳ ತರಗತಿಯಲ್ಲಿದ್ದ ಒಬ್ಬ ಹುಡುಗನ ಸುದ್ದಿ ಬಂತು. ‘ಅವನಾ? ಟೆಸ್ಟಿಗೆ ತಡವಾಗಿ ಬಂದು ಲಾಂಚ್ ಇರಲಿಲ್ಲ ಅಂತ ಸುಳ್ಳು ಹೇಳಿದ್ನಲ್ಲ, ಅವನೇ ಅಲ್ವಾ?’ ಅಂದೆ. ನಾನು ನಗುತ್ತಲೇ ಅಂದೆ. ಅವಳು ನಗಲಿಲ್ಲ. ‘ಅದು ಸುಳ್ಳಾಗಿರಲಿಲ್ಲ ಮೇಡಂ. ಅವತ್ತು ಬೆಳಿಗ್ಗೆ ಗಾಳಿ ಜಾಸ್ತಿ ಅಂತ ಲಾಂಚ್ ಬಿಟ್ಟಿರಲೇ ಇಲ್ಲ. ನಮ್ಮಪ್ಪನೂ ದಡದಲ್ಲೇ ನಿಂತಿದ್ರು.’

ಅವಳು ಇನ್ನೂ ಒಂದು ಮಾತು ಹೇಳಿದಳು. ಅದನ್ನು ಕೊನೆಗೆ ಬರೆಯುತ್ತೇನೆ. ಈಗಲೇ ಬರೆದರೆ ಮುಂದಿನದು ಬರೆಯಲು ನನ್ನಿಂದ ಆಗುವುದಿಲ್ಲ.

ಆ ದಿನ ನನಗೆ ಚೆನ್ನಾಗಿ ನೆನಪಿದೆ. 2010ರ ಆಗಸ್ಟ್. ಸೋಮವಾರ. ಮೂರು ದಿನದಿಂದ ಒಂದೇ ಸಮ ಮಳೆ. ಹತ್ತು ಗಂಟೆಗೆ ಟೆಸ್ಟ್ ಶುರು. ಹನ್ನೊಂದೂಕಾಲಿಗೆ ಈ ಹುಡುಗ ಬಾಗಿಲಲ್ಲಿ ಬಂದು ನಿಂತ. ಹಾಸ್ಟೆಲಿನಲ್ಲಿ ಇದ್ದವನು, ಶನಿವಾರ ಹಿನ್ನೀರಿನಾಚೆಯ ತನ್ನ ಊರಿಗೆ ಹೋಗಿದ್ದನಂತೆ. ‘ಯಾಕೆ ಲೇಟು?’ ಅಂದೆ. ‘ಲಾಂಚ್ ಬಿಟ್ಟಿಲ್ಲ ಮೇಡಂ’ ಅಂದ. ನೆಲ ನೋಡುತ್ತಾ ಅಂದ. ಧ್ವನಿ ನಡುಗುತ್ತಿತ್ತು. ‘ನನ್ನ ಮುಖ ನೋಡಿ ಹೇಳು’ ಅಂದೆ. ಅವನು ತಲೆ ಎತ್ತಲಿಲ್ಲ. ‘ಲಾಂಚ್ ಇಲ್ಲದಿದ್ರೆ ಹೇಗೆ ಬಂದೆ? ಹಾರಿ ಬಂದ್ಯಾ?’ ಅಂದೆ. ತರಗತಿಯಲ್ಲಿ ನಗು ಎದ್ದಿತು. ಅವನು ಒಂದು ಸಲ ಬಾಯಿ ತೆರೆದ, ಮತ್ತೆ ಮುಚ್ಚಿದ. ನನಗೆ ಅಷ್ಟೇ ಸಾಕಾಗಿತ್ತು. ಒಳಗೆ ಬಿಡಲಿಲ್ಲ. ಆ ಟೆಸ್ಟಿನ ಅಂಕ ಸೊನ್ನೆ ಆಯಿತು. ಆ ವರ್ಷವಿಡೀ ಅವನು ಕೊನೆಯ ಬೆಂಚಿನಲ್ಲಿ ಕೂತ. ನನ್ನ ಹತ್ತಿರ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಸಿಕ್ಕಿಬಿದ್ದ ಅವಮಾನ ಅಂತ ನಾನು ತಿಳಿದಿದ್ದೆ. ಹದಿನಾಲ್ಕು ವರ್ಷ ಹಾಗೇ ತಿಳಿದಿದ್ದೆ. ಹೊಸದಾಗಿ ಬಂದ ಉಪನ್ಯಾಸಕರಿಗೆ, ಮಕ್ಕಳು ಸುಳ್ಳು ಹೇಳಿದರೆ ಹೇಗೆ ಗೊತ್ತಾಗುತ್ತದೆ ಅನ್ನುವುದಕ್ಕೆ ಇದನ್ನೇ ಉದಾಹರಣೆಯಾಗಿ ಹೇಳಿದ್ದೂ ಇದೆ.

ಅಡಿಕೆ ಮತ್ತು ಮನುಷ್ಯ

ಸುಳ್ಳು ನನಗೆ ಗೊತ್ತಾಗುತ್ತದೆ ಅನ್ನುವ ಈ ಧೈರ್ಯ ನನಗೆ ಬಂದದ್ದು ಅಪ್ಪನಿಂದ. ನಮ್ಮದು ಹೊಸನಗರ ತಾಲ್ಲೂಕು. ಅಡಿಕೆ ತೋಟದ ಮನೆ. ಅಪ್ಪ ಯಾರನ್ನೂ ಸುಲಭಕ್ಕೆ ನಂಬುತ್ತಿರಲಿಲ್ಲ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಅನ್ನುವುದು ಅವರ ಬಾಯಲ್ಲಿ ದಿನಕ್ಕೆರಡು ಸಲ ಬರುತ್ತಿತ್ತು. ಕೂಲಿಯ ಲೆಕ್ಕ, ಗೊಬ್ಬರದ ಚೀಲ, ಅಟ್ಟದ ಮೇಲಿನ ತೆಂಗಿನಕಾಯಿ, ಎಲ್ಲವನ್ನೂ ಎರಡು ಸಲ ಎಣಿಸುವವರು. ಶಿವಮೊಗ್ಗದ ಮಂಡಿಗೆ ಹೋದಾಗ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಬೇರೆಯವರ ಚೀಲಗಳ ಮುಂದೆ ನಿಂತು ಅಪ್ಪ ಪರೀಕ್ಷೆ ಮಾಡುವುದನ್ನು ನೋಡುವುದೇ ನನಗೊಂದು ಖುಷಿ. ಮೇಲಿನ ಅಡಿಕೆಯನ್ನು ಮುಟ್ಟುತ್ತಲೇ ಇರಲಿಲ್ಲ. ಕೈಯನ್ನು ಮೊಣಕೈವರೆಗೆ ಚೀಲದೊಳಗೆ ಇಳಿಸಿ ತಳದಿಂದ ನಾಲ್ಕು ತೆಗೆಯುತ್ತಿದ್ದರು. ಅಡಕತ್ತರಿಯಲ್ಲಿ ಸೀಳಿ, ಬೆಳಕಿಗೆ ಹಿಡಿದು, ‘ಮೇಲೆ ರಾಶಿ ಇಡಿ, ಒಳಗೆ ಗೊರಬಲು ಬೆರೆಸಿದಾರೆ’ ಅನ್ನುತ್ತಿದ್ದರು. ರಾಶಿ ಇಡಿ ಅಂದರೆ ಒಳ್ಳೆ ದರ್ಜೆಯ ಅಡಿಕೆ, ಗೊರಬಲು ಕಳಪೆ. ಅಡಿಕೆ ಬೇಯಿಸಿದ ಚೊಗರಿನ ಬಣ್ಣ ಯಾವುದು, ಆಮೇಲೆ ಹಚ್ಚಿದ ಬಣ್ಣ ಯಾವುದು ಅಂತ ಬೆರಳಲ್ಲಿ ತಿಕ್ಕಿ ಹೇಳುತ್ತಿದ್ದರು. ಅವರ ಮಾತು ತಪ್ಪಾದದ್ದನ್ನು ನಾನು ನೋಡಿಲ್ಲ.

ಇದೇ ಕಣ್ಣಿನಿಂದ ಮನುಷ್ಯರನ್ನೂ ನೋಡಬಹುದು ಅಂತ ಅಪ್ಪ ನಂಬಿದ್ದರು. ನಾನೂ ನಂಬಿದೆ. ಆದರೆ ಇಲ್ಲಿ ಒಂದು ದೊಡ್ಡ ವ್ಯತ್ಯಾಸ ಇದೆ. ಅಡಿಕೆಯನ್ನು ಸೀಳಿದ ಕ್ಷಣವೇ ಒಳಗಿನದ್ದು ಕಾಣುತ್ತದೆ. ನಮ್ಮ ಅಂದಾಜು ಸರಿಯೋ ತಪ್ಪೋ ಅಲ್ಲೇ ಗೊತ್ತಾಗುತ್ತದೆ. ಹಾಗೆ ಸಾವಿರ ಸಲ ಸೀಳಿದರೆ ಕಣ್ಣು ತಾನಾಗಿ ಪಳಗುತ್ತದೆ. ಮನುಷ್ಯನ ಮಾತನ್ನು ಸೀಳಿ ನೋಡುವ ಅಡಕತ್ತರಿ ಯಾರ ಹತ್ತಿರ ಇದೆ? ನಾನು ಆ ಹುಡುಗನನ್ನು ಬಾಗಿಲಿನಿಂದಲೇ ಕಳಿಸಿದೆ. ನನ್ನ ಅಂದಾಜು ತಪ್ಪು ಅಂತ ಹೇಳಲು ಯಾರೂ ಬರಲಿಲ್ಲ. ಬರದಿದ್ದ ಕಾರಣಕ್ಕೇ ನಾನು ಸರಿ ಅಂದುಕೊಂಡೆ. ಆ ಮೇಲೆ ಇನ್ನೊಬ್ಬ ಹುಡುಗ ನೆಲ ನೋಡಿದಾಗ ನನ್ನ ಧೈರ್ಯ ಇನ್ನೂ ಸ್ವಲ್ಪ ಜಾಸ್ತಿಯಾಗಿತ್ತು.

ಲಾಂಚಿನಿಂದ ಇಳಿದು ಮನೆಗೆ ಬಂದ ಮೇಲೆ ನಿದ್ದೆ ಬರಲಿಲ್ಲ. ತಂಗಿಯ ಮಗಳು ಮನಃಶಾಸ್ತ್ರ ಓದುತ್ತಿದ್ದಾಳೆ. ಅವಳಿಗೆ ಫೋನ್ ಮಾಡಿ, ಸುಳ್ಳು ಹಿಡಿಯುವುದರಲ್ಲಿ ಕೆಲವರು ಜಾಣರು, ಕೆಲವರು ದಡ್ಡರು ಅಂತ ಇರುತ್ತದಾ, ಅದು ಅವರವರ ಸ್ವಭಾವಕ್ಕೆ ಸೇರಿದ್ದಾ ಅಂತ ಕೇಳಿದೆ. ‘ದೊಡ್ಡಮ್ಮ, ನೀವೇ ಓದಿ’ ಅಂತ ಒಂದಷ್ಟು ಪ್ರಬಂಧ ಕಳಿಸಿದಳು. ಆ ಚಳಿಗಾಲ ಪೂರ್ತಿ ಅದನ್ನೇ ಓದಿದೆ.

ಮೊದಲು ಓದಿದ್ದೇ ನನ್ನನ್ನು ಕುಸಿಯುವಂತೆ ಮಾಡಿತು. ಅಮೆರಿಕದ ಮನಃಶಾಸ್ತ್ರಜ್ಞರಾದ ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪಾಲೊ ಅಲ್ಲಿಯವರೆಗೆ ನಡೆದ ನೂರಾರು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು 2006ರಲ್ಲಿ ಲೆಕ್ಕ ಹಾಕಿದ್ದರು. 24,000ಕ್ಕೂ ಹೆಚ್ಚು ಜನ ಬೇರೆಯವರ ಮಾತು ಕೇಳಿ ಇದು ನಿಜ, ಇದು ಸುಳ್ಳು ಅಂತ ಹೇಳಿದ ಲೆಕ್ಕ. ನೂರಕ್ಕೆ 54 ಸರಿ. ನಾಣ್ಯ ಚಿಮ್ಮಿದರೂ 50 ಸರಿ ಬರುತ್ತದೆ. ಅದರಲ್ಲೂ ನಿಜವನ್ನು ನಿಜ ಅಂದದ್ದು ನೂರಕ್ಕೆ 61 ಸಲ, ಸುಳ್ಳನ್ನು ಸುಳ್ಳು ಅಂದದ್ದು ಬರೀ 47 ಸಲ. ಅಂದರೆ ಮನುಷ್ಯ ಸಾಮಾನ್ಯವಾಗಿ ನಂಬುವ ಕಡೆಗೇ ವಾಲುತ್ತಾನೆ. ‘ನನಗೆ ಖಂಡಿತ ಗೊತ್ತು’ ಅನ್ನುವ ಭರವಸೆಗೂ ಸರಿಯಾಗಿ ಹೇಳುವುದಕ್ಕೂ ಹೆಚ್ಚುಕಡಿಮೆ ಸಂಬಂಧವೇ ಇಲ್ಲ ಅಂತ ಡಿಪಾಲೊ ಮತ್ತು ಜೊತೆಗಾರರು 1997ರಲ್ಲೇ ತೋರಿಸಿದ್ದರು. ಅದನ್ನು ಓದಿದಾಗ ನನಗೆ ತರಗತಿಯ ಆ ನಗು ಕೇಳಿಸಿತು.

ಎರಡು ವರ್ಷ ಬಿಟ್ಟು, 2008ರಲ್ಲಿ, ಬಾಂಡ್ ಮತ್ತು ಡಿಪಾಲೊ ಇನ್ನೊಂದು ಲೆಕ್ಕ ಹಾಕಿದರು. ಸುಳ್ಳು ಹಿಡಿಯುವ ಶಕ್ತಿಯಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಎಷ್ಟು ವ್ಯತ್ಯಾಸ ಇದೆ ಅಂತ. ತೀರಾ ಕಡಿಮೆ. ಆದರೆ ಎಷ್ಟು ಸುಲಭವಾಗಿ ನಂಬುತ್ತಾರೆ ಅನ್ನುವುದರಲ್ಲಿ ಜನ ಬೇರೆಬೇರೆ. ಅದಕ್ಕಿಂತ ಜಾಸ್ತಿ ವ್ಯತ್ಯಾಸ ಇರುವುದು ಮಾತಾಡುವವರ ಮುಖದಲ್ಲಿ. ಕೆಲವರು ಸುಳ್ಳು ಹೇಳಿದರೂ ಸತ್ಯವಂತರ ಹಾಗೆ ಕಾಣುತ್ತಾರೆ. ಕೆಲವರು ನಿಜ ಹೇಳಿದರೂ ಕಳ್ಳರ ಹಾಗೆ ಕಾಣುತ್ತಾರೆ. ನನ್ನ ಮುಂದೆ ಅವತ್ತು ನಿಂತಿದ್ದವನು ಎರಡನೇ ಗುಂಪಿನವನು. ಅವನ ಮುಖದ ಕಟ್ಟನ್ನು ನಾನು ಅವನ ಗುಣ ಅಂತ ಓದಿದೆ.

ಕುಂಬಳಕಾಯಿ ಕಳ್ಳ

‘ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ’ ಅಂತ ಗಾದೆ ಇದೆಯಲ್ವಾ. ತಪ್ಪು ಮಾಡಿದವನು ತಾನೇ ತೋರಿಸಿಕೊಳ್ಳುತ್ತಾನೆ ಅನ್ನುವುದು ಅದರ ಅರ್ಥ. ಈ ಗಾದೆಯನ್ನು ನಾನು ತರಗತಿಯಲ್ಲಿ ಎಷ್ಟು ಸಲ ಬಳಸಿದ್ದೇನೋ. ಈಗ ಯೋಚಿಸಿದರೆ, ಎಲ್ಲರ ಎದುರಿಗೆ ಒಬ್ಬರನ್ನು ದಿಟ್ಟಿಸಿ ‘ಕುಂಬಳಕಾಯಿ ಕಳ್ಳ’ ಅಂದರೆ ಕದಿಯದವನೂ ಹೆಗಲು ಮುಟ್ಟಿಕೊಳ್ಳುತ್ತಾನೆ. ಹೆದರಿಕೆಗೆ ಮುಟ್ಟಿಕೊಳ್ಳುತ್ತಾನೆ. ನನ್ನ ಹೆಗಲ ಮೇಲೆ ಏನಾದರೂ ಇದೆಯಾ ಅಂತ ಮುಟ್ಟಿಕೊಳ್ಳುತ್ತಾನೆ.

ಸುಳ್ಳು ಪತ್ತೆ ಯಂತ್ರದ ಕಥೆಯೂ ಇದೇ. ಪಾಲಿಗ್ರಾಫ್ ಅಳೆಯುವುದು ಎದೆಬಡಿತ, ರಕ್ತದ ಒತ್ತಡ, ಉಸಿರು, ಬೆವರು. ಇವೆಲ್ಲ ಅಂಜಿಕೆಗೂ ಏರುತ್ತವೆ. ಆ ಹುಡುಗ ನನ್ನ ಬಾಗಿಲಿಗೆ ಬರುವ ಮೂರು ತಿಂಗಳ ಹಿಂದೆ, 2010ರ ಮೇ 5ರಂದು, ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತ್ತು. ಒಪ್ಪಿಗೆ ಇಲ್ಲದೆ ಯಾರ ಮೇಲೂ ಮಂಪರು ಪರೀಕ್ಷೆ, ಪಾಲಿಗ್ರಾಫ್, ಬ್ರೈನ್ ಮ್ಯಾಪಿಂಗ್ ಮಾಡಬಾರದು ಅಂತ. ಸುಮ್ಮನಿರುವುದು ಆರೋಪಿಯ ಹಕ್ಕು ಅಂತ. ನಮ್ಮ ಸ್ಟಾಫ್ ರೂಮಿನಲ್ಲಿ ಈ ತೀರ್ಪಿನ ಬಗ್ಗೆ ಚರ್ಚೆ ಆದದ್ದು ನೆನಪಿದೆ. ನಾನು ಅದನ್ನು ಮೆಚ್ಚಿ ಮಾತಾಡಿದ್ದೆ. ಮೂರೇ ತಿಂಗಳಲ್ಲಿ ಒಬ್ಬ ಇಪ್ಪತ್ತು ವರ್ಷದ ಹುಡುಗ ಸುಮ್ಮನಿದ್ದದ್ದನ್ನು ತಪ್ಪೊಪ್ಪಿಗೆ ಅಂತ ಬರೆದುಕೊಂಡೆ.

ಕಣ್ಣಿನ ವಿಷಯವೂ ಹಾಗೇ. ಸುಳ್ಳು ಹೇಳುವವರನ್ನು ಗುರುತಿಸುವುದು ಹೇಗೆ ಅಂತ ಸಂಶೋಧಕರ ಒಂದು ದೊಡ್ಡ ತಂಡ 58 ದೇಶಗಳಲ್ಲಿ ಕೇಳಿತ್ತು. ಅದು ಪ್ರಕಟವಾದದ್ದೂ 2006ರಲ್ಲೇ. ಜನ ಎಲ್ಲಕ್ಕಿಂತ ಹೆಚ್ಚಾಗಿ ಕೊಟ್ಟ ಉತ್ತರ, ಸುಳ್ಳುಗಾರರು ಕಣ್ಣು ತಪ್ಪಿಸುತ್ತಾರೆ ಅನ್ನುವುದು. ಪ್ರಯೋಗಗಳಲ್ಲಿ ನೋಡಿದರೆ ಕಣ್ಣು ತಪ್ಪಿಸುವುದಕ್ಕೂ ಸುಳ್ಳಿಗೂ ಅಂಥ ನಂಟು ಸಿಕ್ಕಿಲ್ಲ. ನಮ್ಮ ಕಡೆಯಂತೂ ದೊಡ್ಡವರು ಗದರುವಾಗ ಮುಖ ನೋಡಿ ನಿಂತರೆ ಅದೇ ಇನ್ನೊಂದು ತಪ್ಪು. ತಲೆ ತಗ್ಗಿಸು ಅಂತ ಮನೆಯಲ್ಲಿ ಕಲಿಸುತ್ತೇವೆ. ಶಾಲೆಯಲ್ಲಿ ತಲೆ ತಗ್ಗಿಸಿದ್ದಕ್ಕೆ ಸುಳ್ಳ ಅನ್ನುತ್ತೇವೆ.

ದೊಡ್ಡಮ್ಮನ ಜಗಲಿ

ಹಾಗಾದರೆ ಸ್ವಭಾವದಿಂದ ಏನೂ ವ್ಯತ್ಯಾಸ ಇಲ್ಲವಾ? ಇಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕೆನಡಾದ ನ್ಯಾನ್ಸಿ ಕಾರ್ಟರ್ ಮತ್ತು ಮಾರ್ಕ್ ವೆಬರ್ 2010ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ. ಅವರು ಕೆಲವರ ಕೈಯಲ್ಲಿ ಕೆಲಸದ ಸಂದರ್ಶನ ಮಾಡಿಸಿ ವಿಡಿಯೊ ತೆಗೆದರು. ಅರ್ಧ ಜನ ಅದರಲ್ಲಿ ಸುಳ್ಳು ಹೇಳಿದ್ದರು. ನೋಡುವವರಲ್ಲಿ ಎರಡು ಥರದವರಿದ್ದರು. ಜನರನ್ನು ಸಾಮಾನ್ಯವಾಗಿ ನಂಬುವವರು, ನಂಬದವರು. ಸುಳ್ಳನ್ನು ಚೆನ್ನಾಗಿ ಹಿಡಿದವರು ನಂಬುವವರು. ಇನ್ನೊಂದು ವಿಷಯವೂ ಅದರಲ್ಲಿದೆ. ಮೋಸ ಹಿಡಿಯಲು ಇಬ್ಬರಲ್ಲಿ ಯಾರನ್ನು ನೇಮಿಸುತ್ತೀರಿ ಅಂತ ಕೇಳಿದಾಗ ಜನ ಅನುಮಾನದ ಸ್ವಭಾವದವರನ್ನೇ ಆರಿಸಿದ್ದರು. ಒಂದು ಅಧ್ಯಯನದಿಂದ ಎಲ್ಲ ತೀರ್ಮಾನ ಆಗುವುದಿಲ್ಲ, 2008ರ ಲೆಕ್ಕ ಇದನ್ನು ಪೂರ್ತಿ ಒಪ್ಪುವುದೂ ಇಲ್ಲ. ಆದರೂ ಓದುತ್ತಿದ್ದ ಹಾಗೆ ನನಗೆ ಕಂಡದ್ದು ನಮ್ಮ ದೊಡ್ಡಮ್ಮ.

ಅಪ್ಪನ ಅತ್ತಿಗೆ ಅವರು. ದೊಡ್ಡಪ್ಪ ಬೇಗ ಹೋದ ಮೇಲೆ ಪಕ್ಕದ ಮನೆಯ ಪಾಲಿನ ತೋಟವನ್ನು ಒಬ್ಬರೇ ನೋಡಿಕೊಂಡವರು. ಯಾರು ಏನು ಹೇಳಿದರೂ ‘ಹೌದನಾ?’ ಅಂತ ಕಣ್ಣರಳಿಸಿ ಕೇಳುವವರು. ಅವರ ಜಗಲಿ ಖಾಲಿ ಇದ್ದದ್ದನ್ನು ನಾನು ನೋಡಿಲ್ಲ. ಅಡಿಕೆ ಕೊನೆ, ಅಂದರೆ ಗೊನೆ, ತೆಗೆಯುವವರು, ಬಳೆ ಮಾರುವವರು, ಲೈನ್‌ಮ್ಯಾನ್, ಎರಡು ಗುಡ್ಡದ ಆಚೆಯ ಅಜ್ಜಿಯರು, ಎಲ್ಲರಿಗೂ ಅಲ್ಲಿ ಬೆಲ್ಲ, ನೀರು, ಎಲೆ ಅಡಿಕೆ. ‘ಅತ್ತಿಗೆಗೆ ಯಾರು ಬೇಕಾದ್ರೂ ಟೋಪಿ ಹಾಕ್ಬಹುದು’ ಅಂತ ಅಪ್ಪ ಚಿಂತೆ ಮಾಡುತ್ತಿದ್ದರು. ತೋಟದ ವ್ಯವಹಾರ ಮಾತಾಡುವಾಗ ತಾವೇ ಹೋಗಿ ಕೂರುತ್ತಿದ್ದರು.

ಒಂದು ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಹೊಸಬನೊಬ್ಬ ಚೇಣಿ, ಅಂದರೆ ತೋಟದ ಫಸಲಿನ ಗುತ್ತಿಗೆ, ಕೇಳಲು ಬಂದ. ನಾನಾಗ ಪಿಯುಸಿಯಲ್ಲಿದ್ದೆ. ಆ ವರ್ಷ ದೊಡ್ಡಮ್ಮನಿಗೆ ಮೈ ಹುಷಾರಿಲ್ಲ, ಸುಲಿಸಿ ಬೇಯಿಸುವ ಕೆಲಸ ಮನೆಯಲ್ಲಿ ಮಾಡಿಸಲು ಆಗುವುದಿಲ್ಲ ಅಂತ ಚೇಣಿ ಕೊಡುವ ಯೋಚನೆ ಇತ್ತು. ಬಂದವನು ಬಹಳ ಸಭ್ಯ. ತೋಟ ಸುತ್ತಿ ಬಂದು ಕೊನೆ ಎಷ್ಟಾಗಬಹುದು ಅಂತ ಲೆಕ್ಕ ಹೇಳಿದ. ಅಪ್ಪ ಮನಸ್ಸಿನಲ್ಲಿ ಹಾಕಿದ್ದ ಲೆಕ್ಕವೂ ಹೆಚ್ಚುಕಡಿಮೆ ಅದೇ. ಅಪ್ಪ ಒಂದು ಗಂಟೆ ಪ್ರಶ್ನೆ ಮಾಡಿದರು. ಮುಂಗಡ ಎಷ್ಟು, ಉಳಿದದ್ದು ಯಾವಾಗ, ಕೊಳೆ ರೋಗ ಬಂದರೆ ನಷ್ಟ ಯಾರದ್ದು. ಎಲ್ಲಕ್ಕೂ ಅವನು ಅಪ್ಪನ ಮುಖ ನೋಡಿ, ತಡವರಿಸದೆ ಉತ್ತರ ಕೊಟ್ಟ. ಹೋದ ವರ್ಷ ಇಂಥವರ ತೋಟ ಮಾಡಿದ್ದೆ, ಲೆಕ್ಕ ಚುಕ್ತಾ ಮಾಡಿದ್ದೇನೆ, ನಿನ್ನೆ ರಾತ್ರಿ ಅವರ ಮನೆಯಲ್ಲೇ ಊಟ ಮಾಡಿ ಮಲಗಿ ಈಗ ಅಲ್ಲಿಂದಲೇ ಬಂದೆ ಅಂದ. ಅಪ್ಪನ ಮುಖ ಸಡಿಲಾಗಿದ್ದು ನನಗೆ ಕಂಡಿತು.

ದೊಡ್ಡಮ್ಮ ಅಷ್ಟು ಹೊತ್ತು ಕಂಬಕ್ಕೆ ಒರಗಿ ಕೇಳುತ್ತಾ ಇದ್ದವರು, ‘ಅವ್ರ ಮನೆ ಮುಂದಿನ ಸಂಕದ ಮೇಲೆ ದಾಟೋದು ಈ ಮಳೆಗಾಲದಲ್ಲಿ ಕಷ್ಟ ಆಗ್ಲಿಲ್ವಾ?’ ಅಂದರು. ಪಾಪ, ಹಳ್ಳದ ಆ ಕಾಲುಸೇತುವೆಯಲ್ಲಿ ಕಾಲು ಜಾರಿದರೆ ಅನ್ನುವ ಧ್ವನಿಯಲ್ಲೇ ಕೇಳಿದರು. ‘ಇಲ್ಲಮ್ಮ, ಸಂಕ ಗಟ್ಟಿ ಇದೆ’ ಅಂದ ಅವನು. ದೊಡ್ಡಮ್ಮ ‘ಹೌದನಾ’ ಅಂದರು. ಕಾಫಿ ತಂದು ಕೊಟ್ಟರು. ಆಮೇಲೆ ಮೆಲ್ಲಗೆ, ‘ಈ ವರ್ಷ ಬ್ಯಾಡ ಬಿಡಿ, ಹೇಗೋ ನಾವೇ ಮಾಡಿಸ್ತೀವಿ’ ಅಂದರು. ಅಪ್ಪನಿಗೆ ಸಿಟ್ಟು ಬಂತು. ಅವನು ಅಂಗಳ ದಾಟಿದ ಮೇಲೆ ‘ಒಳ್ಳೆ ಗಿರಾಕೀನ ಕಳಿಸಿದ್ರಿ ಅತ್ತಿಗೆ’ ಅಂದರು. ದೊಡ್ಡಮ್ಮ, ‘ಆ ಸಂಕ ಆಷಾಢದಲ್ಲೇ ಹಳ್ಳಕ್ಕೆ ಹೋತು. ಆ ಮನೆ ಅಜ್ಜಿ ಈಗ ಗದ್ದೆ ಬದಿಂದ ಸುತ್ತಿ ಬರೋದು. ಮೊನ್ನೆ ಇಲ್ಲೇ ಕೂತು ಅತ್ತಿದ್ಲು’ ಅಂದರು. ಅವನು ಹಿಂದಿನ ವರ್ಷ ಆ ಮನೆಗೆ ಪೂರ್ತಿ ದುಡ್ಡು ಕೊಟ್ಟಿರಲಿಲ್ಲ ಅಂತ ಆಮೇಲೆ ತಿಳಿಯಿತು.

ಅಪ್ಪ ಒಂದು ಗಂಟೆ ಅವನ ಮುಖ ನೋಡಿದರು. ದೊಡ್ಡಮ್ಮ ಮುಖವನ್ನು ನೋಡಲೇ ಇಲ್ಲ. ಅವರ ಹತ್ತಿರ ಸುದ್ದಿ ಇತ್ತು. ಸುದ್ದಿ ಯಾಕಿತ್ತು ಅಂದರೆ, ಆ ಅಜ್ಜಿ ಬಂದು ಕೂತು ಅಳುವ ಜಗಲಿ ಅವರದ್ದು. ಅಪ್ಪನ ಜಗಲಿಯಲ್ಲಿ ಯಾರೂ ಅಳುತ್ತಿರಲಿಲ್ಲ. ಜಪಾನಿನ ತೋಶಿಯೊ ಯಮಗಿಶಿ ಅನ್ನುವ ಸಂಶೋಧಕರು ವರ್ಷಗಟ್ಟಲೆ ಇದನ್ನೇ ಅಧ್ಯಯನ ಮಾಡಿದರು. ನಂಬುವವರು ದಡ್ಡರಲ್ಲ, ಬೇರೆಯವರ ನಡತೆಯ ಸಣ್ಣ ಸೂಚನೆಗಳಿಗೆ ಅವರ ಕಿವಿ ಹೆಚ್ಚು ಚುರುಕು ಅಂತ ಅವರ ಪ್ರಯೋಗಗಳಲ್ಲಿ ಕಂಡಿತು. ಯಾಕೆ ಅನ್ನುವುದಕ್ಕೆ ಅವರು ಕೊಟ್ಟ ವಿವರಣೆ ನನಗೆ ನಮ್ಮೂರಿನ ಮಾತಿನ ಹಾಗೇ ಕೇಳಿಸಿತು. ನಂಬುವವರು ಜನರ ನಡುವೆ ಇಳಿಯುತ್ತಾರೆ. ಕೆಲವು ಸಲ ಮೋಸ ಹೋಗುತ್ತಾರೆ, ಕಲಿಯುತ್ತಾರೆ. ಅನುಮಾನದವರು ದೂರ ನಿಲ್ಲುತ್ತಾರೆ, ಆದ್ದರಿಂದ ಕಲಿಯುವ ಅವಕಾಶವೇ ಅವರಿಗೆ ಸಿಗುವುದಿಲ್ಲ.

ಸುಳ್ಳು ನಿಜಜೀವನದಲ್ಲಿ ಹೇಗೆ ಸಿಕ್ಕಿಬೀಳುತ್ತದೆ ಅಂತ 2002ರಲ್ಲಿ ಹೀ ಸನ್ ಪಾರ್ಕ್, ತಿಮೊತಿ ಲೆವಿನ್ ಮತ್ತು ಅವರ ಜೊತೆಗಾರರು ಕೇಳಿ ನೋಡಿದ್ದರು. ಬಹುಪಾಲು ಜನರಿಗೆ ಅದು ಗೊತ್ತಾದದ್ದು ಆಮೇಲೆ. ಮೂರನೆಯವರು ಹೇಳಿದ್ದರಿಂದ, ಏನೋ ಸಾಕ್ಷಿ ಸಿಕ್ಕಿದ್ದರಿಂದ, ಇಲ್ಲವೇ ಹೇಳಿದವರೇ ಒಪ್ಪಿಕೊಂಡಿದ್ದರಿಂದ. ಆ ಹೊತ್ತಿನಲ್ಲಿ ಬರೀ ಮುಖ ಮಾತು ನೋಡಿ ಹಿಡಿದವರು ನೂರಕ್ಕೆ ಇಬ್ಬರೂ ಇರಲಿಲ್ಲ. ಲಾಂಚ್ ಬಿಟ್ಟಿಲ್ಲ ಅನ್ನುವುದು ಅವತ್ತು ಆ ದಡದ ಅಷ್ಟೂ ಜನಕ್ಕೆ ಗೊತ್ತಿತ್ತು. ನನ್ನ ತರಗತಿಯ ಆ ಹುಡುಗಿಗೂ ಮುಂದಿನ ವಾರ ಅವಳ ಅಪ್ಪನಿಂದ ಗೊತ್ತಾಯಿತು. ‘ಆಗಲೇ ಯಾಕೆ ನನಗೆ ಹೇಳಲಿಲ್ಲ?’ ಅಂತ ಲಾಂಚಿನಲ್ಲಿ ಅವಳನ್ನು ಕೇಳಿದೆ. ‘ನಿಮ್ಮ ಹತ್ರ ಹೇಳೋಕೆ ಹೆದರಿಕೆ ಆಗ್ತಿತ್ತು ಮೇಡಂ’ ಅಂದಳು. ನನ್ನ ಹತ್ತಿರ ಜಗಲಿಯೇ ಇರಲಿಲ್ಲ.

ಬಳೆ ಹೋದದ್ದು

ದೊಡ್ಡಮ್ಮ ಯಾವಾಗಲೂ ಗೆದ್ದರು ಅಂತ ಬರೆದರೆ ಅದು ಸುಳ್ಳಾಗುತ್ತದೆ. ಒಂದು ಸಲ ದೂರದ ನೆಂಟನೊಬ್ಬ ಬಂದು ಮಗಳಿಗೆ ಮಣಿಪಾಲದಲ್ಲಿ ಆಪರೇಷನ್ ಅಂತ ಅತ್ತ. ದೊಡ್ಡಮ್ಮನೂ ಅವನ ಜೊತೆ ಅತ್ತರು. ಕೈಯಲ್ಲಿದ್ದ ಎರಡು ಬಂಗಾರದ ಬಳೆ ಬಿಚ್ಚಿ ಕೊಟ್ಟರು. ಆಪರೇಷನ್ನೂ ಇರಲಿಲ್ಲ, ಕಾಯಿಲೆಯೂ ಇರಲಿಲ್ಲ. ಕೆನಡಾದಲ್ಲೇ ನಡೆದ ಇನ್ನೊಂದು ಅಧ್ಯಯನ ಓದಿದಾಗ ನನಗೆ ಈ ಬಳೆ ನೆನಪಾಯಿತು. ಅಲಿಷಾ ಬೇಕರ್, ಲಿಯಾನ್ ಟೆನ್ ಬ್ರಿಂಕ್, ಸ್ಟೀಫನ್ ಪೋರ್ಟರ್ 2013ರಲ್ಲಿ ಪ್ರಕಟಿಸಿದ್ದು. ಕಾಣೆಯಾದ ತಮ್ಮವರಿಗಾಗಿ ಟಿವಿಯಲ್ಲಿ ಅಳುತ್ತಾ ಬೇಡಿಕೊಂಡ ನಿಜವಾದ ಜನರ ವಿಡಿಯೊಗಳನ್ನು ಅವರು ತೋರಿಸಿದರು. ಆ ಜನರಲ್ಲಿ ಅರ್ಧದಷ್ಟು ಮಂದಿ ತಮ್ಮವರು ಕಾಣೆಯಾದದ್ದಕ್ಕೆ, ಸತ್ತದ್ದಕ್ಕೆ ತಾವೇ ಕಾರಣ ಅಂತ ಆಮೇಲೆ ಸಾಬೀತಾಗಿತ್ತು. ಬೇರೆಯವರ ಭಾವನೆಯನ್ನು ಚೆನ್ನಾಗಿ ಗುರುತಿಸಬಲ್ಲೆವು ಅನ್ನುವವರೇ ಇಲ್ಲಿ ಹೆಚ್ಚು ಮೋಸ ಹೋದರು. ಸುಳ್ಳುಗಾರರ ಕಣ್ಣೀರಿಗೆ ಅವರ ಮನಸ್ಸೇ ಹೆಚ್ಚು ಕರಗಿತ್ತು.

ಅಂದರೆ ನಂಬುವ ಸ್ವಭಾವ ಒಂದು, ಕರಗುವ ಸ್ವಭಾವ ಇನ್ನೊಂದು. ದೊಡ್ಡಮ್ಮನಲ್ಲಿ ಎರಡೂ ಇದ್ದವು. ಚೇಣಿಯವನು ಬಂದಾಗ ಮೊದಲನೆಯದು ಕಾಪಾಡಿತು. ನೆಂಟ ಬಂದಾಗ ಎರಡನೆಯದು ಬಳೆ ಕಳೆಯಿತು. ಬಳೆಯ ವಿಷಯ ತಿಳಿದಾಗ ಅಪ್ಪ ಬಹಳ ಬೈದರು. ದೊಡ್ಡಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೇ ದಿನ ನನ್ನ ತಲೆ ಬಾಚುತ್ತಾ, ‘ಆ ಹುಡುಗಿಗೆ ಕಾಯಿಲೆ ಇರ್ಲಿಲ್ಲ ಅಂತಾಯ್ತಲ್ಲ, ಅದು ಒಳ್ಳೇದೇ ಆಯ್ತು ಕಣೇ’ ಅಂದರು. ಆಗ ನನಗೆ ಇದು ಪೆದ್ದುತನ ಅನ್ನಿಸಿತ್ತು. ಈಗ ಹಾಗೆ ಅನ್ನಿಸುವುದಿಲ್ಲ. ಬಳೆ ಹೋದದ್ದಕ್ಕೆ ಜಗಲಿಯ ಬಾಗಿಲು ಹಾಕಿಕೊಂಡಿದ್ದರೆ ಅವರಿಗೆ ಸಂಕ ಕೊಚ್ಚಿಹೋದ ಸುದ್ದಿ ಬರುತ್ತಿರಲಿಲ್ಲ. ಬಳೆ ಹೋದದ್ದು ಮೊದಲು, ಚೇಣಿಯವನು ಬಂದದ್ದು ಆಮೇಲೆ.

ನನ್ನನ್ನು ಕಾಡುವುದು ಈ ಲೆಕ್ಕ. ನಂಬಿ ಮೋಸ ಹೋದರೆ ಅದು ನಮಗೆ ಗೊತ್ತಾಗುತ್ತದೆ. ಬರಿಗೈ ಕಾಣುತ್ತದೆ. ಊರೆಲ್ಲ ಅದನ್ನೇ ಹೇಳುತ್ತದೆ. ನಿಜ ಹೇಳಿದವರನ್ನು ಸುಳ್ಳರು ಅಂದರೆ ಅದು ನಮಗೆ ಗೊತ್ತೇ ಆಗುವುದಿಲ್ಲ. ಅವರು ಸುಮ್ಮನೆ ಹಿಂದಿನ ಬೆಂಚಿಗೆ ಹೋಗಿ ಕೂರುತ್ತಾರೆ. ಅಪ್ಪ ತಮ್ಮ ಜೀವಮಾನದಲ್ಲಿ ಎಷ್ಟು ಸಲ ಮೋಸ ಹೋದರು ಅಂತ ಬೆರಳಲ್ಲಿ ಎಣಿಸಿ ಹೇಳಬಲ್ಲವರಾಗಿದ್ದರು. ಎಷ್ಟು ಜನರನ್ನು ಸುಮ್ಮಸುಮ್ಮನೆ ಅನುಮಾನಿಸಿದರು ಅನ್ನುವ ಲೆಕ್ಕ ಅವರ ಹತ್ತಿರ ಇರಲಿಲ್ಲ. ಇಪ್ಪತ್ತೆಂಟು ವರ್ಷ ಪಾಠ ಮಾಡಿದ ನನ್ನ ಹತ್ತಿರವೂ ಇಲ್ಲ. ನನಗೆ ಸಿಕ್ಕಿದ್ದು ಒಂದೇ ಒಂದು. ಅದೂ ಆ ಹುಡುಗಿ ಆಕಸ್ಮಿಕವಾಗಿ ಸಿಕ್ಕಿದ್ದರಿಂದ.

ಅವಳು ಹೇಳಿದ ಇನ್ನೊಂದು ಮಾತು

‘ನಮ್ಮಪ್ಪ ನೋಡಿದಾರೆ ಮೇಡಂ. ಲಾಂಚ್ ಬಿಡಲ್ಲ ಅಂತ ಎಲ್ರೂ ವಾಪಸ್ ಹೋದ್ರು. ಅವನೊಬ್ಬ ದಡದಲ್ಲೇ ಕೂತಿದ್ನಂತೆ. ಗಾಳಿ ಸ್ವಲ್ಪ ಇಳಿದ ಮೇಲೆ ಮೀನು ಹಿಡಿಯೋರ ಕಾಲು ಹಿಡಿದು ತೆಪ್ಪದಲ್ಲಿ ದಾಟಿ ಬಂದ. ಟೆಸ್ಟ್ ಇದೆ ಅಂತ.’

ಅವನ ಪ್ಯಾಂಟು ಮೊಣಕಾಲಿನ ಮೇಲಿನವರೆಗೂ ಒದ್ದೆಯಾಗಿತ್ತು. ಅದನ್ನು ನಾನು ನೋಡಿದ್ದೆ. ಆಗಸ್ಟ್ ತಿಂಗಳಲ್ಲಿ ಸಾಗರದಲ್ಲಿ ಎಲ್ಲರ ಪ್ಯಾಂಟೂ ಒದ್ದೆಯೇ ಅಂತ ಬಿಟ್ಟಿದ್ದೆ. ಕಣ್ಣು ನೋಡುವುದರಲ್ಲಿ ಬಟ್ಟೆ ನೋಡಲಿಲ್ಲ.

ಹೇಗೆ ಬಂದೆ ಅಂತ ನಾನು ಕೇಳಿದ್ದೆನಲ್ಲ. ಸರಿಯಾದ ಪ್ರಶ್ನೆಯನ್ನೇ ಕೇಳಿದ್ದೆ. ಅದೇ ಬಾಗಿಲಲ್ಲಿ ದೊಡ್ಡಮ್ಮ ಇದ್ದಿದ್ದರೆ ಅವರೂ ಅದನ್ನೇ ಕೇಳುತ್ತಿದ್ದರು. ‘ಅಯ್ಯೋ, ಲಾಂಚ್ ಇಲ್ವಾ? ಮತ್ತೆ ಹೇಗೆ ಬಂದ್ಯೋ ಮಾರಾಯ?’ ಅನ್ನುತ್ತಿದ್ದರು. ಅವನು ಹೇಳುತ್ತಿದ್ದ.

ಆ ಹುಡುಗಿಯ ಹತ್ತಿರ ಅವನ ನಂಬರ್ ಇತ್ತು. ಫೋನ್ ಮಾಡಲು ನನಗೆ ಎರಡು ತಿಂಗಳು ಬೇಕಾಯಿತು. ಅಷ್ಟರಲ್ಲಿ ಮಾತು ಎಲ್ಲಿಂದ ಶುರು ಮಾಡುವುದು ಅಂತ ನೂರು ಸಲ ಯೋಚಿಸಿದ್ದೆ. ಅವನು ‘ಹೇಳಿ ಮೇಡಂ’ ಅಂದಾಗ ಯೋಚಿಸಿದ್ದೆಲ್ಲ ಮರೆತುಹೋಯಿತು. ‘ಅವತ್ತು ತಪ್ಪು ನನ್ನದು ಕಣೋ’ ಅಂದೆ. ಆಚೆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ‘ಬಿಡಿ ಮೇಡಂ, ಬಹಳ ಹಿಂದಿನ ಮಾತು’ ಅಂದ. ಅವತ್ತು ಯಾಕೆ ಬಾಯಿ ಬಿಡಲಿಲ್ಲ ಅಂತ ಕೇಳಿದೆ. ತೆಪ್ಪದವನಿಗೆ ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದ್ದನಂತೆ. ಮಳೆಗಾಲದಲ್ಲಿ ಜನರನ್ನು ಕೂರಿಸಿಕೊಂಡರೆ ಅವನಿಗೆ ತೊಂದರೆ. ಮನೆಯಲ್ಲಿ ಗೊತ್ತಾದರೆ ಅಮ್ಮ ಹೆದರಿಬಿಡುತ್ತಾಳೆ. ಎಲ್ಲರ ಎದುರಿಗೆ ಹೇಗೆ ಹೇಳುವುದು ಅಂತ ಯೋಚಿಸುವಷ್ಟರಲ್ಲಿ ನಾನು ಹಾಜರಿ ಪುಸ್ತಕ ಮುಚ್ಚಿದ್ದೆ.

‘ಈಗ ಹೇಳು. ಹೇಗೆ ಬಂದೆ?’ ಅಂದೆ.

ಅವನು ಹೇಳಲು ಶುರು ಮಾಡಿದ. ತೆಪ್ಪದವನ ಮನಸ್ಸು ಒಲಿಸಿದ್ದು, ಬೊಗಸೆಯಲ್ಲಿ ನೀರು ಹೊರಗೆ ಚೆಲ್ಲುತ್ತಾ ಬಂದದ್ದು, ಈಚೆ ದಡದಲ್ಲಿ ಬಸ್ ಸಿಗದೆ ಹಾಲಿನ ಗಾಡಿಯ ಹಿಂದೆ ನಿಂತು ಸಾಗರ ಮುಟ್ಟಿದ್ದು. ಅರ್ಧ ಗಂಟೆ ಹೇಳಿದ. ಒಂದು ಕಡೆ ಅವನ ಧ್ವನಿಯಲ್ಲಿ ನಗು ಬಂತು. ‘ನಡು ಹೊಳೆಯಲ್ಲಿ ಮತ್ತೆ ಗಾಳಿ ಎದ್ದಿತು ಮೇಡಂ. ನಿಮ್ಮ ನೋಟ್ಸ್ ನೆನೀಬಾರ್ದು ಅಂತ ಚೀಲ ತಲೆ ಮೇಲೆ ಇಟ್ಕೊಂಡು ಕೂತಿದ್ದೆ.’